ಜನೌಷಧಿ ಕೇಂದ್ರ: ಬಿಪಿ, ಶುಗರ್ ಇರುವ ಹಳ್ಳಿ ಮನೆಯವರ ಅನುಭವ

ಒಳ್ಳೆಯದು, ಹೋಗಿ. ಆದರೆ ಕೆಲವು ವಿಷಯ ತಿಳಿದುಕೊಂಡು ಹೋಗಿ. ಜನೌಷಧಿಗೆ, ಅಂದರೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಕಮ್ಮಿ ಬೆಲೆಗೆ ಮಾತ್ರೆ ಮಾರುವ ಅಂಗಡಿಗೆ, ಹೋಗಬಹುದಾ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ಉಳಿದದ್ದೆಲ್ಲ ಆ "ಕೆಲವು ವಿಷಯ"ದ ಬಗ್ಗೆ, ಸ್ವಲ್ಪ ಉದ್ದವಾಗಿದೆ, ನಿಧಾನಕ್ಕೆ ಓದಿ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಅಮ್ಮನಿಗೆ ಬಿಪಿ, ಶುಗರ್ ಎರಡೂ ಇವೆ. ಅಪ್ಪನಿಗೆ ಬಿಪಿ ಜೊತೆ ಕೊಲೆಸ್ಟರಾಲ್. ಪಕ್ಕದ ಮನೆಯ ಅಜ್ಜಿಗೂ, ಎದುರು ಮನೆಯ ಚಿಕ್ಕಪ್ಪನಿಗೂ ಇದೇ ಕಾಯಿಲೆಗಳು, ಹಾಗಾಗಿ ತಾಲೂಕಿಗೆ ಯಾರು ಹೋದರೂ ನಾಲ್ಕು ಮನೆಯ ಚೀಟಿ ಒಟ್ಟಿಗೆ ಹೋಗುತ್ತದೆ. ಮೊದಲೆಲ್ಲ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ಸ್‌ನಲ್ಲಿ ತರುತ್ತಿದ್ದೆವು. ಈಗ ಕೆಲವು ವರ್ಷದಿಂದ ಜನೌಷಧಿಯಲ್ಲಿ ತರುತ್ತೇವೆ. ನಮ್ಮ ಮನೆಯ ಇಬ್ಬರ ಬಿಲ್ಲು ತಿಂಗಳಿಗೆ ಸಾವಿರದ ಹತ್ತಿರ ಆಗುತ್ತಿದ್ದದ್ದು ಈಗ ಇನ್ನೂರರ ಆಸುಪಾಸಿನಲ್ಲಿ ಮುಗಿಯುತ್ತದೆ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ಬಡವರ ಆರೋಗ್ಯ ಅಂದ ಕೂಡಲೇ ಎಲ್ಲರೂ ಆಪರೇಷನ್ ಬಗ್ಗೆಯೇ ಮಾತಾಡುತ್ತಾರೆ. ಆಪರೇಷನ್‌ಗೆ ಆಯುಷ್ಮಾನ್ ಕಾರ್ಡ್ ಇದೆ, ಸಹಕಾರ ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಇದೆ. ಆ ಕಾರ್ಡುಗಳು ಆಸ್ಪತ್ರೆಗೆ ಸೇರಿದಾಗ ಕೆಲಸಕ್ಕೆ ಬರುತ್ತವೆ. ಪ್ರತಿ ತಿಂಗಳು ಅಂಗಡಿಯಿಂದ ತರಬೇಕಾದ ಬಿಪಿ ಮಾತ್ರೆಗೆ ಅವು ದುಡ್ಡು ಕೊಡುವುದಿಲ್ಲ. ಕೂಲಿ ಮಾಡುವ ಮನೆ ಸೋಲುವುದು ಅಲ್ಲೇ. ಕೆಲಸ ಸಿಕ್ಕ ತಿಂಗಳು ಮಾತ್ರೆ, ಸಿಗದ ತಿಂಗಳು ಇಲ್ಲ. ಇನ್ನು ಕೆಲವರು ಒಂದು ಶೀಟನ್ನು ದಿನ ಬಿಟ್ಟು ದಿನ ನುಂಗಿ ತಿಂಗಳು ತಳ್ಳುತ್ತಾರೆ. ತಲೆ ಸುತ್ತಲಿಲ್ಲ ಅಂದರೆ ಬಿಪಿ ಹೋಯಿತು ಅಂದುಕೊಂಡು ಪೂರ್ತಿ ಬಿಡುವವರೂ ಇದ್ದಾರೆ. ಆಮೇಲೆ ಒಂದು ದಿನ ಲಕ್ವ ಹೊಡೆಯುತ್ತದೆ, ಇಲ್ಲವೇ ಕಿಡ್ನಿ ಹೋಗುತ್ತದೆ, ಕಾಲಿನ ಗಾಯ ಮಾಯದೆ ಬೆರಳು ತೆಗೆಯುವ ಹಂತಕ್ಕೆ ಬರುತ್ತದೆ. ಆಗ ಕಾರ್ಡ್ ಹಿಡಿದುಕೊಂಡು ಬೆಂಗಳೂರಿಗೆ ಓಡಬೇಕು. ದಿನಕ್ಕೆ ಒಂದೆರಡು ರೂಪಾಯಿಯ ಮಾತ್ರೆ ತಪ್ಪದೆ ಸಿಕ್ಕಿದ್ದರೆ ಇದರಲ್ಲಿ ಎಷ್ಟೋ ತಪ್ಪುತ್ತಿತ್ತು. ಅದಕ್ಕೇ ನನಗೆ ಯಾವ ದೊಡ್ಡ ಆಸ್ಪತ್ರೆಗಿಂತಲೂ ಈ ಸಣ್ಣ ಅಂಗಡಿ ಮುಖ್ಯ ಅನಿಸುತ್ತದೆ.

ಇಷ್ಟು ಕಮ್ಮಿಗೆ ಹೇಗೆ ಕೊಡುತ್ತಾರೆ, ಡೂಪ್ಲಿಕೇಟಾ ಅಂತ ನಮ್ಮೂರಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಅಲ್ಲ. ಈ ಯೋಜನೆ ಶುರುವಾದದ್ದು 2008ರಲ್ಲಿ. 2025ರ ಹೊತ್ತಿಗೆ ದೇಶದಲ್ಲಿ 15,000 ಕೇಂದ್ರ ದಾಟಿದವು. ಕೇಂದ್ರ ಸರ್ಕಾರದ ಒಂದು ಸಂಸ್ಥೆ ಟೆಂಡರ್ ಕರೆದು ಕಂಪನಿಗಳಿಂದ ಒಟ್ಟಿಗೆ ಮಾತ್ರೆ ಕೊಳ್ಳುತ್ತದೆ. ಜಾಹೀರಾತಿಲ್ಲ, ಡಾಕ್ಟರ ಹತ್ತಿರ ಬ್ಯಾಗ್ ಹಿಡಿದು ನಿಲ್ಲುವ ಕಂಪನಿಯ ರೆಪ್ ಇಲ್ಲ, ಬ್ರ್ಯಾಂಡ್ ಹೆಸರಿನ ಖರ್ಚಿಲ್ಲ. ಆ ಔಷಧಿಯ ಮುಂಚೂಣಿಯ 3 ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧ ದಾಟಬಾರದು ಅನ್ನುವುದು ಬೆಲೆಯ ನಿಯಮ. ಎಷ್ಟೋ ಮಾತ್ರೆ ಅದಕ್ಕಿಂತಲೂ ಬಹಳ ಕಮ್ಮಿ. ಅಂಗಡಿಗೆ ಬರುವ ಮೊದಲು ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವ ವ್ಯವಸ್ಥೆಯೂ ಇದೆ. ಹಾಗಂತ ಎಲ್ಲಾ ಬ್ಯಾಚೂ ಯಾವಾಗಲೂ ಸರಿ ಇರುತ್ತದೆ ಅಂತ ಯಾರೂ ಪ್ರಮಾಣ ಮಾಡಲಾರರು. ಔಷಧ ನಿಯಂತ್ರಣ ಇಲಾಖೆ ತಿಂಗಳು ತಿಂಗಳು ಗುಣಮಟ್ಟ ಇಲ್ಲದ ಬ್ಯಾಚುಗಳ ಪಟ್ಟಿ ಹೊರಡಿಸುತ್ತದೆ, ಅದರಲ್ಲಿ ದೊಡ್ಡ ಹೆಸರಿನ ಕಂಪನಿಗಳೂ ಇರುತ್ತವೆ. ದುಬಾರಿ ಆದರೆ ಒಳ್ಳೆಯದು, ಅಗ್ಗ ಆದರೆ ಕಳಪೆ ಅನ್ನುವ ಲೆಕ್ಕ ಮಾತ್ರೆ ವಿಷಯದಲ್ಲಿ ನಡೆಯುವುದಿಲ್ಲ. ನಮ್ಮನೆಯಲ್ಲಿ ಬದಲಾಯಿಸಿದ ಮೇಲೆ ಬಿಪಿ, ಶುಗರ್ ಎರಡನ್ನೂ ಪರೀಕ್ಷೆ ಮಾಡಿಸುತ್ತಲೇ ಇದ್ದೇವೆ, ಮೊದಲಿನ ಹಾಗೆಯೇ ಇದೆ. ನೀವೂ ಹಾಗೆಯೇ ಮಾಡಿ, ಸುಮ್ನೆ ನಂಬಬೇಡಿ, ಸುಮ್ನೆ ಅನುಮಾನವನ್ನೂ ಪಡಬೇಡಿ.

ಇನ್ನು ಚೀಟಿ. ತುಂಬಾ ಡಾಕ್ಟರುಗಳು ಬರೆಯುವುದು ಬ್ರ್ಯಾಂಡ್ ಹೆಸರು. ಜನೌಷಧಿಯಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಬೇಕಾಗಿರುವುದು ಒಳಗಿನ ಔಷಧಿಯ ಹೆಸರು. ಬಿಪಿಗೆ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಶುಗರಿಗೆ ಮೆಟ್‌ಫಾರ್ಮಿನ್, ಕೊಲೆಸ್ಟರಾಲಿಗೆ ಅಟೋರ್‌ವಾಸ್ಟಾಟಿನ್, ಹಳ್ಳಿ ಮನೆಗಳಲ್ಲಿ ಜಾಸ್ತಿ ಓಡಾಡುವುದು ಈ ನಾಲ್ಕೈದು ಹೆಸರುಗಳೇ. ಹಳೆಯ ಶೀಟನ್ನು ಎಸೆಯದೆ ಜೊತೆಗೆ ತೆಗೆದುಕೊಂಡು ಹೋದರೆ ಕೌಂಟರಿನವರು ನೋಡಿ ಕೊಡುತ್ತಾರೆ. ಒಂದು ವಿಷಯ ಮಾತ್ರ ನೀವೇ ಗಮನಿಸಬೇಕು. ಮೆಟ್‌ಫಾರ್ಮಿನ್ 500 ಅಂದರೆ ಒಂದು, ಮೆಟ್‌ಫಾರ್ಮಿನ್ 500 ಎಸ್‌ಆರ್ ಅಂದರೆ ಇನ್ನೊಂದು. ಎಸ್‌ಆರ್ ಅಂದರೆ ಹೊಟ್ಟೆಯಲ್ಲಿ ನಿಧಾನಕ್ಕೆ ಕರಗುವಂಥದ್ದು, ಅದನ್ನು ಮುರಿದು ನುಂಗಬಾರದು. ಎರಡು ಔಷಧಿ ಸೇರಿಸಿ ಮಾಡಿದ ಮಾತ್ರೆ ಇದ್ದರೆ ಎರಡರ ಹೆಸರೂ, ಎರಡರ ಎಂಜಿಯೂ ಹೊಂದಬೇಕು. ಥೈರಾಯ್ಡ್ ಮಾತ್ರೆ, ಫಿಟ್ಸ್ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ, ಇವನ್ನಂತೂ ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ. ಕಂಪನಿ ಬದಲಾದರೆ ಸಣ್ಣ ವ್ಯತ್ಯಾಸವೂ ಇವುಗಳಲ್ಲಿ ಲೆಕ್ಕಕ್ಕೆ ಬರುತ್ತದೆ.

ಹೊರಗಿನವರಿಗೆ ಗೊತ್ತೇ ಆಗದ ಒಂದು ತೊಂದರೆ ಇದೆ. ಟೆಂಡರಿನಲ್ಲಿ ಬೇರೆ ಬೇರೆ ಕಂಪನಿಗಳು ಸರಬರಾಜು ಮಾಡುವುದರಿಂದ ಒಂದು ಸಲ ಬಂದ ಮಾತ್ರೆಯ ಬಣ್ಣ, ಆಕಾರ ಇನ್ನೊಂದು ಸಲಕ್ಕೆ ಇರುವುದಿಲ್ಲ. ಪ್ಯಾಕೆಟ್ಟುಗಳೂ ನೋಡುವುದಕ್ಕೆ ಎಲ್ಲಾ ಒಂದೇ ಥರ. ಓದು ಬರುವವರಿಗೆ ಇದು ಏನೂ ಅಲ್ಲ. ಆದರೆ ಪಕ್ಕದ ಮನೆಯ ಅಜ್ಜಿಗೆ ಶುಗರ್ ಮಾತ್ರೆ ಅಂದರೆ "ಉದ್ದಂದು", ಬಿಪಿ ಮಾತ್ರೆ ಅಂದರೆ "ಚಿಕ್ಕ ಹಳದೀದು". ಹಳದಿದು ಬಿಳಿಯಾಗಿ ಬಂದ ತಿಂಗಳು ಅಜ್ಜಿ ಅದನ್ನು ಮುಟ್ಟಲೇ ಇಲ್ಲ, "ಇದು ನಂದಲ್ಲ ಕಣಪ್ಪ, ಬೇರೆಯೋರ್ದು ತಂದಿದ್ದೀಯ" ಅಂತ ಡಬ್ಬಿಯಲ್ಲಿ ಹಾಗೇ ಇಟ್ಟಿದ್ದರು. ಆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗೆ ಇದನ್ನು ಹೇಳಿದೆ. ಆಕೆ ಏನು ಮಾಡಿದಳು ಗೊತ್ತಾ? ಕಂದು ಕವರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಟ್ಟಳು. ಊಟಕ್ಕೆ ಮೊದಲು ಅನ್ನುವುದಕ್ಕೆ ಖಾಲಿ ತಟ್ಟೆ, ಊಟ ಆದ ಮೇಲೆ ಅನ್ನುವುದಕ್ಕೆ ತಟ್ಟೆ ತುಂಬ ಮುದ್ದೆ. ಅಜ್ಜಿ ಈಗ ಕವರ್ ನೋಡಿ ನುಂಗುತ್ತಾರೆ, ಮಾತ್ರೆಯ ಬಣ್ಣ ನೋಡುವುದನ್ನು ಬಿಟ್ಟಿದ್ದಾರೆ. ಆ ಹುಡುಗಿಯ ಈ ಬುದ್ಧಿ ಪ್ರತಿ ಕೇಂದ್ರದಲ್ಲೂ ಇರಬೇಕು ಅನ್ನುವುದು ನನ್ನ ಆಸೆ. ಕವರಿನ ಮೇಲೆ ಸೂರ್ಯ, ಚಂದ್ರ ಮೊದಲೇ ಪ್ರಿಂಟ್ ಮಾಡಿ ಕಳಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ ಹೇಳಿ.

ಜನೌಷಧಿ ಬಗ್ಗೆ ದೇಶದ ತುಂಬ ಇರುವ ದೂರು ಒಂದೇ, ಸ್ಟಾಕ್ ಇಲ್ಲ. ಪಟ್ಟಿಯಲ್ಲಿ 2,000ಕ್ಕೂ ಜಾಸ್ತಿ ಔಷಧಿಗಳಿವೆ, ಆದರೆ ಸಣ್ಣ ಕೇಂದ್ರದಲ್ಲಿ ಅದರ ಸ್ವಲ್ಪ ಭಾಗ ಮಾತ್ರ ಇಟ್ಟಿರುತ್ತಾರೆ. ಇದಕ್ಕೆ ಅಂಗಡಿಯವರನ್ನು ಬೈಯುವ ಮೊದಲು ಅವರ ಲೆಕ್ಕವನ್ನೂ ನೋಡಬೇಕು. ಎಂಆರ್‌ಪಿಯಲ್ಲಿ ಅವರಿಗೆ ಸಿಗುವುದು 20%. ಹತ್ತು ರೂಪಾಯಿಯ ಶೀಟು ಮಾರಿದರೆ ಎರಡು ರೂಪಾಯಿ. ಅದರಲ್ಲಿ ಬಾಡಿಗೆ, ಕರೆಂಟು, ಫಾರ್ಮಸಿಸ್ಟ್ ಸಂಬಳ ಎಲ್ಲಾ ಆಗಬೇಕು. ಕೊಳ್ಳುವ ಸ್ಟಾಕ್ ಮೇಲೆ ಸರ್ಕಾರ ಪ್ರೋತ್ಸಾಹಧನ ಅಂತ ಕೊಡುತ್ತದೆ, ಅದಕ್ಕೂ ತಿಂಗಳಿಗೆ ಇಷ್ಟೇ ಅಂತ ಮಿತಿ ಇದೆ. ದೊಡ್ಡ ಊರಿನಲ್ಲಿ ದಿನಕ್ಕೆ ನೂರಾರು ಜನ ಬಂದರೆ ಇದು ನಡೆಯುತ್ತದೆ. ಮುನ್ನೂರು ಮನೆಯ ಹಳ್ಳಿಯಲ್ಲಿ ಅಂಗಡಿ ತೆಗೆದರೆ ಆರು ತಿಂಗಳೂ ಉಳಿಯುವುದು ಕಷ್ಟ. ಅದಕ್ಕೇ ಕೇಂದ್ರಗಳೆಲ್ಲ ತಾಲೂಕು, ಹೋಬಳಿ ಊರುಗಳಲ್ಲೇ ಇವೆ, ಯಾರಿಗೆ ಜಾಸ್ತಿ ಬೇಕೋ ಅವರಿಗೇ ದೂರ. ಬಸ್ ಚಾರ್ಜು, ಅರ್ಧ ದಿನದ ಕೂಲಿ ಸೇರಿಸಿದರೆ ಉಳಿಸಿದ ದುಡ್ಡಿನಲ್ಲಿ ಒಂದು ಪಾಲು ದಾರಿಯಲ್ಲೇ ಹೋಗುತ್ತದೆ. ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ನಮ್ಮ ಕಡೆ ಮಾತ್ರೆ ತರುವ ಕೆಲಸವೆಲ್ಲ ಅವರ ಪಾಲಿಗೇ ಬಂದಿದೆ.

ಇದಕ್ಕೆ ಒಂದು ದಾರಿ ಈಗಾಗಲೇ ತೆರೆದಿದೆ. 2023ರಲ್ಲಿ ಕೇಂದ್ರ ಸರ್ಕಾರ ಹಳ್ಳಿಯ ವ್ಯವಸಾಯ ಸೇವಾ ಸಹಕಾರ ಸಂಘಗಳೂ ಜನೌಷಧಿ ಕೇಂದ್ರ ನಡೆಸಬಹುದು ಅಂತ ಅವಕಾಶ ಕೊಟ್ಟಿತು. ನನಗೆ ಇದು ಬಹಳ ಹಿಡಿಸಿತು. ಸೊಸೈಟಿಗೆ ಸ್ವಂತ ಕಟ್ಟಡ ಇರುತ್ತದೆ, ಕಾರ್ಯದರ್ಶಿ ಹೇಗೂ ದಿನಾ ಬಾಗಿಲು ತೆಗೆಯುತ್ತಾರೆ, ಸಾಲಕ್ಕೆ, ಗೊಬ್ಬರಕ್ಕೆ, ಎಷ್ಟೋ ಕಡೆ ರೇಷನ್‌ಗೂ ಜನ ಅಲ್ಲಿಗೇ ಬರುತ್ತಾರೆ. ಮಾತ್ರೆ ಮಾರಿಯೇ ಬದುಕಬೇಕಾದ ಅನಿವಾರ್ಯ ಅದಕ್ಕಿಲ್ಲ. ಒಂದೇ ಕಷ್ಟ ಫಾರ್ಮಸಿಸ್ಟ್. ಲೈಸೆನ್ಸಿಗೆ ನೋಂದಾಯಿತ ಫಾರ್ಮಸಿಸ್ಟ್ ಬೇಕೇ ಬೇಕು, ಅವರು ಹಳ್ಳಿಗೆ ಬರುವಷ್ಟು ಸಂಬಳ ಸೊಸೈಟಿ ಕೊಡಬೇಕು. ಡಿ ಫಾರ್ಮ ಓದಿ ಬೆಂಗಳೂರಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ನಮ್ಮ ಕಡೆಯ ಹುಡುಗ ಹುಡುಗಿಯರು ಎಷ್ಟು ಜನ ಇದ್ದಾರೆ! ಊರಲ್ಲೇ ಮನೆ ಇರುವವರಿಗೆ ಇದು ಆಗದ ಮಾತಲ್ಲ.

ಇಷ್ಟು ಹೊಗಳಿದ ಮೇಲೂ ಒಂದು ಮಾತು ಹೇಳಲೇಬೇಕು. ಜನೌಷಧಿಗೆ ಹೋಗುವ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಬಿಪಿ, ಶುಗರಿನ ಸಾಮಾನ್ಯ ಮಾತ್ರೆಗಳು ಪೂರ್ತಿ ಉಚಿತ. ಹೆಸರು ಬರೆಸಿ ಕಾರ್ಡ್ ಮಾಡಿಸಿಕೊಂಡರೆ ತಿಂಗಳಿಗೆ ಆಗುವಷ್ಟು ಒಟ್ಟಿಗೆ ಕೊಡುವ ವ್ಯವಸ್ಥೆ ಇದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಏರ್ಪಾಡು ಮಾಡಿದ್ದಾರೆ, ಅದರಲ್ಲಿ ಆಶಾ ಕಾರ್ಯಕರ್ತೆಯರ ಓಡಾಟವೇ ಜಾಸ್ತಿ. ಅವರಿಗೆ ಸಿಗುವ ಗೌರವಧನ ನೋಡಿದರೆ ಬೇಜಾರಾಗುತ್ತದೆ, ಅದು ಬೇರೆಯೇ ದೊಡ್ಡ ವಿಷಯ.

2025ರಲ್ಲಿ ನಮ್ಮ ರಾಜ್ಯ ಸರ್ಕಾರ, ಆಸ್ಪತ್ರೆಯಲ್ಲಿ ಹೇಗೂ ಉಚಿತವಾಗಿ ಔಷಧಿ ಕೊಡುತ್ತೇವೆ ಅಂತ ಹೇಳಿ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಹೊರಟಿತು, ಅದು ಹೈಕೋರ್ಟಿನವರೆಗೂ ಹೋಯಿತು. ಯಾವ ಪಕ್ಷದ ಪರವಾಗಿಯೂ ಇದನ್ನು ಹೇಳುತ್ತಿಲ್ಲ. ಉಚಿತ ಮಾತ್ರೆ ಪ್ರತಿ ತಿಂಗಳೂ, ಪ್ರತಿಯೊಬ್ಬರಿಗೂ, ಬರೆದ ಪೂರ್ತಿ ಪಟ್ಟಿ ಸಿಗುವ ಹಾಗಿದ್ದರೆ ಪಕ್ಕದಲ್ಲಿ ಅಂಗಡಿ ಬೇಡ, ಒಪ್ಪುತ್ತೇನೆ. ಸಿಗದ ದಿನ ಬಡವರು ಎಲ್ಲಿಗೆ ಹೋಗಬೇಕು? ಗೇಟಿನ ಹೊರಗೆ ಫುಲ್ ರೇಟಿನ ಮೆಡಿಕಲ್ಸ್‌ಗೆ. ಉಚಿತವೂ ಇರಲಿ, ಅದು ಮುಗಿದಾಗ ಅಗ್ಗದ್ದೂ ಇರಲಿ. ಎರಡರಲ್ಲಿ ಒಂದು ಅಂತ ಆರಿಸಬೇಕಾದ ವಿಷಯವೇ ಅಲ್ಲ ಇದು.

ಇನ್ನು ಕೆಲವು ಸಣ್ಣ ಮಾತು. "ಜೆನೆರಿಕ್" (ಬ್ರ್ಯಾಂಡ್ ಹೆಸರಿಲ್ಲದ ಔಷಧಿ) ಅಂತ ಬೋರ್ಡ್ ಹಾಕಿದ ಎಲ್ಲಾ ಅಂಗಡಿಯೂ ಜನೌಷಧಿ ಅಲ್ಲ. ಖಾಸಗಿ ಜೆನೆರಿಕ್ ಅಂಗಡಿಗಳೂ ಬೇಕಾದಷ್ಟಿವೆ, ಕೆಲವು ಒಳ್ಳೆಯವೇ. ಆದರೆ ಕೆಲವು ಕಡೆ ಶೀಟಿನ ಮೇಲೆ ಎಂಆರ್‌ಪಿ ನೂರೈವತ್ತು ಅಂತ ಇರುತ್ತದೆ, ಅಂಗಡಿಯವರು ಕೊಂಡದ್ದು ಇಪ್ಪತ್ತಕ್ಕೆ ಇರಬಹುದು, ನಿಮಗೆ "ಡಿಸ್ಕೌಂಟ್" ಅಂತ ಹೇಳಿ ನೂರಕ್ಕೆ ಕೊಡುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಒಂದು ಅಂಗಡಿಯಲ್ಲಿ ಹೀಗೇ ಆಗಿ, ಜನೌಷಧಿಯ ರೇಟ್ ನೋಡಿದ ಮೇಲೆ ಅವರಿಗೆ ಸಿಟ್ಟು ಬಂದಿತ್ತು. ಜನೌಷಧಿಯಲ್ಲಿ ಚೌಕಾಸಿಯೂ ಇಲ್ಲ, ಡಿಸ್ಕೌಂಟಿನ ಮಾತೂ ಇಲ್ಲ, ಪ್ರಿಂಟ್ ಆದ ರೇಟೇ ಕಮ್ಮಿ.

ಜನೌಷಧಿಯಲ್ಲಿ ಸಿಗುವ ಮುಟ್ಟಿನ ಪ್ಯಾಡ್, ಸುವಿಧಾ ಅಂತ ಅದರ ಹೆಸರು, ಒಂದಕ್ಕೆ 1 ರೂಪಾಯಿ. 2019ರಲ್ಲಿ ಎರಡೂವರೆಯಿಂದ ಒಂದಕ್ಕೆ ಇಳಿಸಿದರು. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಮಾತ್ರೆ ಜೊತೆ ಅದನ್ನೂ ತನ್ನಿ, ಅಪ್ಪಂದಿರೇ ತಂದರೆ ಇನ್ನೂ ಒಳ್ಳೆಯದು.

ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ಫೋನ್ ಮಾಡಿ ಕೇಳಿ. ಅದನ್ನು 2ರಿಂದ 8 ಡಿಗ್ರಿ ತಣ್ಣಗೆ ಇಡಬೇಕು, ಎಲ್ಲಾ ಕೇಂದ್ರದಲ್ಲೂ ಇಟ್ಟಿರುವುದಿಲ್ಲ. ಬೇಸಿಗೆಯಲ್ಲಿ ಬಸ್ಸಿನಲ್ಲಿ ತರುವಾಗ ಐಸ್ ಪ್ಯಾಕ್ ಕೇಳಿ ಹಾಕಿಸಿಕೊಳ್ಳಿ, ಬರೀ ಐಸಿಗೆ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ಫ್ರಿಜ್ ಇಲ್ಲದ ಮನೆಯವರು ಬಳಸುತ್ತಿರುವ ಬಾಟಲಿಯನ್ನು ಕವರಿನಲ್ಲಿ ಸುತ್ತಿ, ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಕುಡಿಕೆಯಲ್ಲಿ ಇಡಬಹುದು, ಬಾಟಲಿಯೊಳಗೆ ನೀರು ಹೋಗದ ಹಾಗೆ ನೋಡಿಕೊಂಡರೆ ಸಾಕು.

ಸ್ಟಾರ್ ಕೊಡುವುದಾದರೆ ಬೆಲೆಗೆ ಐದಕ್ಕೆ ಐದು, ನಮ್ಮ ಕೇಂದ್ರದ ಹುಡುಗಿಯ ತಾಳ್ಮೆಗೂ ಐದು, ದೂರಕ್ಕೆ ಎರಡು. ಸ್ಟಾಕ್ ತಿಂಗಳಿಂದ ತಿಂಗಳಿಗೆ ಬೇರೆ, ಅದಕ್ಕೇ ಮಾತ್ರೆ ಪೂರ್ತಿ ಮುಗಿಯುವವರೆಗೆ ಕಾಯಬೇಡಿ, ಹತ್ತು ದಿನದ್ದು ಇನ್ನೂ ಕೈಯಲ್ಲಿರುವಾಗಲೇ ಹೋಗಿ. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವೂ ಔಷಧಿಯ ರೇಟೂ ಸಿಗುತ್ತದೆ. ನಿಮ್ಮೂರ ಸೊಸೈಟಿಯ ವಾರ್ಷಿಕ ಸಭೆ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದಲ್ವಾ, ಷೇರು ಇರುವವರು ಎದ್ದು ನಿಂತು ನಮ್ಮಲ್ಲಿ ಜನೌಷಧಿ ಕೇಂದ್ರಕ್ಕೆ ಯಾಕೆ ಅರ್ಜಿ ಹಾಕಿಲ್ಲ ಅಂತ ಕೇಳಿ. ನಾನಂತೂ ನಮ್ಮ ಸೊಸೈಟಿಯಲ್ಲಿ ಈ ಸಲ ಕೇಳುತ್ತೇನೆ, ನಾಲ್ಕೂ ಮನೆಯವರ ಸಹಿ ಹಾಕಿಸಿದ ಮನವಿ ಸಿದ್ಧ ಇದೆ.