ಟಾಮ್‌ಕ್ಯಾಟ್ ಮತ್ತೆ ಏಳುತ್ತಿಲ್ಲ: ಚೌನ್ ಸಾಕೇ, ಎಸಿಎಲ್ ಬೇಕೇ?

ಯಾರೋ ರೂಟ್ (ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಜಾವಾ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ ಸ್ಟಾರ್ಟಪ್ ಸ್ಕ್ರಿಪ್ಟ್ ಓಡಿಸಿರುತ್ತಾರೆ. ಲಾಗ್ಸ್, ಟೆಂಪ್, ವರ್ಕ್ ಫೋಲ್ಡರ್‌ಗಳಲ್ಲಿ ರೂಟ್ ಒಡೆತನದ ಫೈಲ್‌ಗಳು ಹುಟ್ಟಿಕೊಂಡಿರುತ್ತವೆ. ಮುಂದೆ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಈ ಸರ್ವರನ್ನು ‘ಟಾಮ್‌ಕ್ಯಾಟ್’ ಹೆಸರಿನ ಬಳಕೆದಾರನಾಗಿ ಎಬ್ಬಿಸಹೋದಾಗ ‘ಪರ್ಮಿಷನ್ ಡಿನೈಡ್’.

ಒಮ್ಮೆಯ ಎಡವಟ್ಟಾದರೆ ಒಡೆತನ ಬದಲಿಸುವ ಆಜ್ಞೆ ಚೌನ್ ಸಾಕು. ಸರ್ವಿಸ್ ನಿಲ್ಲಿಸಿ, ರೂಟ್ ಹೆಸರಿನ ಜಾವಾ ಪ್ರಕ್ರಿಯೆ ಉಳಿದಿದ್ದರೆ ಮುಗಿಸಿ, ಆ ಮೂರು ಫೋಲ್ಡರ್‌ಗಳ ಒಡೆತನವನ್ನು ಒಳಗಿನ ಫೈಲ್‌ಗಳ ಸಮೇತ ಟಾಮ್‌ಕ್ಯಾಟ್ ಬಳಕೆದಾರನಿಗೆ ಬದಲಿಸಿ. ಇಡೀ ಟಾಮ್‌ಕ್ಯಾಟ್ ಡೈರೆಕ್ಟರಿಗೆ ಮಾತ್ರ ಬೇಡ: ಸೆಟ್ಟಿಂಗ್‌ಗಳಿರುವ ಕಾನ್ಫ್ ಫೋಲ್ಡರ್ ರೂಟ್ ಬಳಿಯೇ ಇರಲಿ, ಟಾಮ್‌ಕ್ಯಾಟ್ ಗುಂಪಿಗೆ ಓದುವ ಹಕ್ಕು ಸಾಕು.

ಅದೇ ತಪ್ಪು ಮರುಕಳಿಸುತ್ತಿದ್ದರೆ, ಅಥವಾ ಲಾಗ್ ಓದುವ ಬೇರೆ ಬಳಕೆದಾರರಿದ್ದರೆ, ಎಸಿಎಲ್ (ಒಡೆಯನಲ್ಲದ ಬಳಕೆದಾರರಿಗೂ ಹೆಸರಿಟ್ಟು ಹಕ್ಕು ಕೊಡುವ ಪಟ್ಟಿ) ಹಾಕುವ ಆಜ್ಞೆ ಸೆಟ್‌ಎಫ್‌ಎಸಿಎಲ್ ಮೇಲು. ಇರುವ ಫೈಲ್‌ಗಳಿಗೊಮ್ಮೆ, ಮುಂದೆ ಹುಟ್ಟುವ ಫೈಲ್‌ಗಳಿಗೆ ತಾನಾಗಿ ಅನ್ವಯಿಸುವ ಡಿಫಾಲ್ಟ್ ಎಸಿಎಲ್ ಆಗಿ ಫೋಲ್ಡರ್‌ಗಳಿಗೊಮ್ಮೆ, ಹೀಗೆ ಎರಡು ಸಲ ಹಕ್ಕು ಕೊಡಬೇಕು. ಎರಡನೆಯದನ್ನು ಬಿಡುವವರೇ ಹೆಚ್ಚು. ಡಿಫಾಲ್ಟ್ ಎಸಿಎಲ್ ಇರುವಲ್ಲಿ ಯೂಮಾಸ್ಕ್ 0027 (ಹೊಸ ಫೈಲ್‌ಗಳ ಅನುಮತಿ ಕಡಿತಗೊಳಿಸುವ ಸೆಟ್ಟಿಂಗ್) ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ರೂಟ್ ಹುಟ್ಟಿಸಿದ ಹೊಸ ಲಾಗ್‌ಗೂ ಟಾಮ್‌ಕ್ಯಾಟ್ ಬರೆಯಬಲ್ಲದು. ತೊಡಕೊಂದೇ: ಆಮೇಲೆ ಯಾರಾದರೂ ಅನುಮತಿ ಬದಲಿಸುವ ಆಜ್ಞೆ ಚ್‌ಮಾಡ್ 640 ಕೊಟ್ಟರೆ ಎಸಿಎಲ್ ಮಾಸ್ಕ್ (ಕೊಟ್ಟ ಹಕ್ಕುಗಳ ಮೇಲಿನ ಮಿತಿ) ಕುಗ್ಗಿ, ಬರೆಯುವ ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ.

ಎಲ್ಲರಿಗೂ ಎಲ್ಲ ಹಕ್ಕು ಕೊಡುವ ಚ್‌ಮಾಡ್ 777? ಬೇಡವೇ ಬೇಡ.

ಚೌನ್, ಎಸಿಎಲ್ ಎರಡಕ್ಕೂ ಮುನ್ನ, ದಾರಿಯ ಪ್ರತಿ ಫೋಲ್ಡರ್‌ನ ಒಡೆತನ, ಅನುಮತಿ ತೋರಿಸುವ ನೇಮ್‌ಐ ಮೈನಸ್ ಎಲ್ ಓಡಿಸಿ ನೋಡಿ. ದಾರಿಯ ಮೇಲಿನ ಒಂದು ಫೋಲ್ಡರ್‌ಗೆ ಎಕ್ಸ್ (ಹಾದುಹೋಗುವ) ಅನುಮತಿ ಇಲ್ಲದಿದ್ದರೂ ಒಳಗಿನ ಒಡೆತನ ಬದಲಿಸಿ ಪ್ರಯೋಜನವಿಲ್ಲ.