ಮಗಳಿಗೊಂದು ಪ್ರಾಣಿ: ಗಿನಿ ಪಿಗ್ಗೇ ಸೈ, ಹುಲ್ಲೊಂದು ಸಿಕ್ಕಿದರೆ

ಚಿಕ್ಕ ಮನೆಯಲ್ಲಿ ಮಕ್ಕಳಿಗೆ ಯಾವ ಪ್ರಾಣಿ ಸಾಕಬಹುದು ಎಂದು ಕೇಳಿದರೆ ನನ್ನ ವೋಟು ಇಲಿಯ ಬಳಗದ ಗಿನಿ ಪಿಗ್ಗಿಗೆ, ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುವಾಗಲೂ ನಮ್ಮ ಗಿನಿ ಪಿಗ್ ಜೋಡಿ ಬಟಾಟಾ ಮತ್ತು ವಡಾ ನನ್ನ ಕಾಲ ಬುಡದಲ್ಲಿ ಕೊತ್ತಂಬರಿ ದಂಟು ಜಗಿಯುತ್ತಾ ಕೂತಿವೆ. ಹೆಸರಿಟ್ಟವಳು ಮಗಳು, ಮುಂಬಯಿಯ ಗೋರೆಗಾಂವ್‌ನಲ್ಲಿ ಹುಟ್ಟಿದ ಹುಡುಗಿಗೆ ಇನ್ನೇನು ಹೊಳೆದೀತು. ಅತ್ತೆ ಎರಡನ್ನೂ ‘ಹೆಗ್ಗಣ’ ಅಂತಲೇ ಕರೆಯುತ್ತಾರೆ. ಆದರೆ ಹೆಚ್ಚುವಾಗ ಸೌತೆಕಾಯಿಯ ತುದಿ ಬೇರೆ ತಟ್ಟೆಗೆ ತೆಗೆದಿಡುವವರೂ ಅವರೇ.

ಇವುಗಳಿಗಿಂತ ಮುಂಚೆ ಒಂದು ಆಮೆ, ಇಲಿಯಂಥ ಒಂದು ಹ್ಯಾಮ್‌ಸ್ಟರ್ ಸಾಕಿದ್ದೇವೆ, ಪಕ್ಕದ ಮನೆಯವರ ಕಾಕಟೀಲ್ ಹಕ್ಕಿಯನ್ನು 20 ದಿನ ನೋಡಿಕೊಂಡಿದ್ದೇವೆ. ನಾಯಿ ಬೇಡ ಅಂತಲ್ಲ. ಒಂದು ಬೆಡ್‌ರೂಮಿನ ಮನೆ, ಬೆಳಿಗ್ಗೆ 8ಕ್ಕೆ ನಾವಿಬ್ಬರೂ ಲೋಕಲ್ ಹತ್ತಿದರೆ ಮನೆ ಸೇರುವಾಗ ರಾತ್ರಿ 8. ಅತ್ತೆಯ ಮೊಣಕಾಲು ನಾಯಿಯ ಹಿಂದೆ ಮೂರು ಮಹಡಿ ಇಳಿಯುವಂಥದ್ದಲ್ಲ.

2021ರಲ್ಲಿ ಬಂದದ್ದು ಆಮೆ. ಮಗಳಿಗೆ ಆಗ ಐದು ವರ್ಷ. ಕಿವಿಯ ಹತ್ತಿರ ಕೆಂಪು ಪಟ್ಟಿಯ ರೆಡ್ ಇಯರ್ಡ್ ಸ್ಲೈಡರ್, ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಅಷ್ಟೇ. "ಇತನಾ ಹೀ ರಹೇಗಾ, ಮೇಡಂ" (ಇಷ್ಟೇ ಇರುತ್ತೆ) ಅಂದಿದ್ದ ಅಂಗಡಿಯವ. ಈಗ ಚಿಪ್ಪು ನನ್ನ ಅಂಗೈ ಮೀರಿದೆ. ಹೆಣ್ಣಾದರೆ ಒಂದಡಿಯ ಹತ್ತಿರಕ್ಕೂ ಬೆಳೆಯುತ್ತದಂತೆ, 30 ವರ್ಷ ಬದುಕುತ್ತದಂತೆ. ಮಗಳು ಮದುವೆಯಾಗಿ ಹೋದ ಮೇಲೂ ಇದು ನನ್ನ ಬಾಲ್ಕನಿಯಲ್ಲೇ ಇರುತ್ತದೆ ಅನ್ನಿ. ಮೂರು ದಿನಕ್ಕೊಮ್ಮೆ ಟಬ್ಬಿನ ನೀರು ಬದಲಿಸದಿದ್ದರೆ ಕೊಳಚೆ ವಾಸನೆ ಹಾಲ್‌ವರೆಗೆ ಬರುತ್ತದೆ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಲೇಬೇಕು, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅಂಟುತ್ತದೆ. ಮಕ್ಕಳಿಗೆ ಹೀಗೆ ಕಾಯಿಲೆ ಬರುತ್ತದೆಂದೇ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಲ್ಲೇ ನಿಷೇಧಿಸಿದ್ದಾರೆ. ಪೊವಾಯಿ ಕೆರೆಗೆ ಬಿಟ್ಟು ಬನ್ನಿ ಎಂದು ಉಪದೇಶ ಕೊಟ್ಟವರು ಕಡಿಮೆಯೇನಲ್ಲ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಹೊರದೇಶದ ಈ ಆಮೆ ಕೆರೆಗೆ ಸೇರಿದರೆ ಇಲ್ಲಿನ ಆಮೆಗಳ ಊಟವನ್ನೂ ಬಿಸಿಲು ಕಾಯುವ ಜಾಗವನ್ನೂ ಕಿತ್ತುಕೊಳ್ಳುತ್ತದೆ.

ಹ್ಯಾಮ್‌ಸ್ಟರ್ ಮುದ್ದಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಏನೆಂದರೆ ಅದರ ಮುದ್ದು ನೋಡಲು ಮಗಳಿಗೆ ಸಿಕ್ಕಿದ್ದೇ ಅಪರೂಪ. ಅವಳು ಸ್ಕೂಲಿಂದ ಬರುವಾಗ ಅದು ಮರದ ಹೊಟ್ಟಿನೊಳಗೆ ಉಂಡೆಯಾಗಿ ಮಲಗಿರುತ್ತಿತ್ತು. ಇವಳು ಮಲಗಿದ ಮೇಲೆ ಅದರ ದಿನ ಶುರು. ಎಬ್ಬಿಸಿದರೆ ಕಚ್ಚುತ್ತಿತ್ತು. ನಟ್ಟಿರುಳಲ್ಲಿ ನನ್ನ ತಲೆಯಿಂದ ಆರಡಿ ದೂರದಲ್ಲಿ ಅದು ಓಡುವ ಚಕ್ರ ಗಿರ್ರೆಂದು ತಿರುಗುವುದು. ಮನೆಯವರು ಚಕ್ರ ಬಿಚ್ಚಿಟ್ಟರೆ ಪಂಜರದ ಸರಳು ಕಡಿಯುವುದು. ಜೋಡಿಯಾಗಿ ಒಯ್ಯಿರಿ, ಒಂದಕ್ಕೆ ಬೇಜಾರಾಗುತ್ತೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಸಿರಿಯನ್ ಹ್ಯಾಮ್‌ಸ್ಟರ್ ಒಂಟಿ ಜೀವ, ಎರಡನ್ನು ಒಟ್ಟಿಗಿಟ್ಟರೆ ರಕ್ತ ಬರುವಂತೆ ಕಚ್ಚಾಡುತ್ತವೆ. ನಮ್ಮದು ಒಂದು ವರ್ಷ ಹತ್ತು ತಿಂಗಳು ಬದುಕಿತು. ದಾಸವಾಳದ ಕುಂಡದಲ್ಲಿ ಹೂತೆವು.

ಕಾಕಟೀಲ್ ಬಂದದ್ದು 2024ರ ಮೇ ತಿಂಗಳಲ್ಲಿ, ಪಕ್ಕದ ಮನೆಯವರು ಊರಿಗೆ ಹೋದಾಗ. ಹಗಲಿಡೀ ಎಚ್ಚರ, ಸೀಟಿ ಹೊಡೆದರೆ ತಿರುಗಿ ಹೊಡೆಯುತ್ತದೆ, ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದು ಗರಿ ಕೊಡವಿದರೆ ಬಿಳಿ ಪುಡಿ ಟಿವಿಯ ಮೇಲೆಲ್ಲ ಕೂರುತ್ತದೆ, ಮಗಳಿಗೆ ಒಂದೇ ವಾರದಲ್ಲಿ ಸೀನು ಹತ್ತಿತು. ಇನ್ನೊಂದು ಸಂಗತಿ ಅವರೇ ಎಚ್ಚರಿಸಿ ಹೋಗಿದ್ದರು: ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ಬೆಳಿಗ್ಗೆ ದೋಸೆ ಇಲ್ಲದೆ ದಿನ ಶುರುವಾಗದ ಮನೆ ನಮ್ಮದು. ಅತ್ತೆ ಲಾಫ್ಟಿನಿಂದ ಹಳೆಯ ಕಬ್ಬಿಣದ ಕಾವಲಿ ಇಳಿಸಿದರು. ಹಕ್ಕಿ ಹೋಯಿತು, ಕಾವಲಿ ಉಳಿಯಿತು, ದೋಸೆ ಮೊದಲಿಗಿಂತ ರುಚಿ.

ಅತ್ತೆಗೆ ಗಿಳಿಯ ಆಸೆ ಇತ್ತು, ತವರಿನ ಜಗಲಿಯಲ್ಲಿ ಒಂದಿತ್ತಂತೆ. ಈಗ ನಮ್ಮ ದೇಶದ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯೂ ಅಷ್ಟೇ, ಅಂಗಡಿಯವ ‘ಬೇಕಾ’ ಎಂದು ಎಷ್ಟೇ ಮೆಲ್ಲಗೆ ಕೇಳಲಿ. ಇಗುವಾನಾ ಹಲ್ಲಿ, ಬಾಲ್ ಪೈಥಾನ್ ಹಾವು ಅಂತ ಮಕ್ಕಳು ಹಟ ಮಾಡಿದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ನನಗೆ ಹೌಸಿಂಗ್ ಸೊಸೈಟಿಯ ಒಪ್ಪಿಗೆ ಪತ್ರವಾದ ಎನ್‌ಒಸಿ ತರುವಷ್ಟರಲ್ಲೇ ಸಾಕಾಗಿದೆ.

ಇನ್ನು ಗಿನಿ ಪಿಗ್. 2024ರ ದಸರಾ ರಜೆಯಲ್ಲಿ ತಂದೆವು, ಎರಡು. ಒಂದೇ ಇದ್ದರೆ ಇದು ಮಂಕಾಗುತ್ತದೆ, ಹ್ಯಾಮ್‌ಸ್ಟರ್‌ನ ಸ್ವಭಾವಕ್ಕೆ ಪೂರ್ತಿ ಉಲ್ಟಾ. ‘ಎರಡೂ ಹೆಣ್ಣು’ ಎಂದು ಮಾರಿದವನ ಮಾತು ನಂಬಿ ತಂದು, ಆಮೇಲೆ ಮರಿ ಹಾಕಿಬಿಟ್ಟರೆ ಎಂದು 70 ದಿನ ಬೆರಳೆಣಿಸಿದ್ದೇನೆ. ಪುಣ್ಯಕ್ಕೆ ಆತ ಹೇಳಿದ್ದು ನಿಜವೇ. ಹಗಲು ರಾತ್ರಿ ತುಂಡು ತುಂಡಾಗಿ ನಿದ್ದೆ ಮಾಡುತ್ತವೆ, ಹಾಗಾಗಿ ಮಗಳು ಬ್ಯಾಗು ಎಸೆಯುವ ಹೊತ್ತಿಗೆ ಯಾವುದಾದರೂ ಒಂದು ಎದ್ದೇ ಇರುತ್ತದೆ. ಫ್ರಿಜ್ಜಿನ ಬಾಗಿಲು ತೆರೆದರೆ, ಪ್ಲಾಸ್ಟಿಕ್ ಚೀಲ ಸರಪರ ಅಂದರೆ ಎರಡೂ ಮುಂಗಾಲು ಎತ್ತಿ ‘ವೀಕ್, ವೀಕ್’ ಎಂದು ಬೊಬ್ಬೆ. ಮನುಷ್ಯರ ಹಾಗೆ ಇವಕ್ಕೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ, ದಿನಾ ಒಂದು ಚೂರು ದೊಣ್ಣೆಮೆಣಸು ಬೇಕು. ಅದನ್ನು ಕೊಡುವುದು ಮಗಳ ಕೆಲಸ, ಇದುವರೆಗೆ ಮರೆತಿಲ್ಲ. ಸೆಖೆಗೆ ಮಾತ್ರ ತಡೆಯುವುದಿಲ್ಲ. ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ಟೈಲ್ಸ್ ಮೇಲೆ, ಪಕ್ಕದಲ್ಲಿ ಬಟ್ಟೆ ಸುತ್ತಿದ ಐಸ್ ಬಾಟಲಿ.

ತಲೆಬಿಸಿ ಇರುವುದು ಹುಲ್ಲಿನಲ್ಲಿ. ಇವುಗಳ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಸವೆಯಬೇಕಾದರೆ ಹುಲ್ಲು ಜಗಿಯುತ್ತಲೇ ಇರಬೇಕು. ತರಕಾರಿ ಬರೀ ನೆಂಚಿಕೊಳ್ಳಲಿಕ್ಕೆ. ಟಿಮೊಥಿ ಹೇ ಎಂಬ ಒಣಹುಲ್ಲಿನ ಪ್ಯಾಕೆಟ್ಟು ಕಿಲೋಗೆ 650 ರೂಪಾಯಿ, ಎರಡು ವಾರಕ್ಕೆ ಖಾಲಿ. ಹುಲ್ಲಿಗೆ ಬಾಸ್ಮತಿಗಿಂತ ಜಾಸ್ತಿ ರೇಟು! ಹಾಗಾಗಿ 2025ರ ಮೇನಲ್ಲಿ ಜಾಣತನ ತೋರಿಸಿ ರಿಯಾಯಿತಿಯಲ್ಲಿ 5 ಕಿಲೋ ಚೀಲ ತರಿಸಿ, ಬಾಯಿ ಬಿಗಿದು ಲಾಫ್ಟಿಗೆ ಏರಿಸಿದೆ.

ಮುಂಬಯಿಯ ಜುಲೈ ಗೊತ್ತಲ್ಲ, ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಬರುವ ಕಾಲ. ಚೀಲದ ಮೇಲಿನ ಪದರ ಚಹಾಪುಡಿಯ ಹಾಗೆ ಘಮ್ಮನ್ನುತ್ತಿತ್ತು. ನಾನು ಅಷ್ಟನ್ನೇ ಮೂಸಿ ಖುಷಿಪಟ್ಟೆ. ಕೆಳಗೆ ಕೈ ಹಾಕಿದರೆ ಬೂದು ಧೂಳು ಎದ್ದಿತು. ಅಷ್ಟರಲ್ಲಿ ವಡಾ ನಾಲ್ಕು ದಿನದಿಂದ ಸೀನುತ್ತಿತ್ತು, ಮೂಗಿನ ಸುತ್ತ ಅಂಟು. ಮೊದಲ ಡಾಕ್ಟರು ನಾಯಿ ಬೆಕ್ಕು ಮಾತ್ರ ಅಂದರು. ಎರಡನೆಯವರು ನೋಡಿದರು, ಪಾಪ, ಅಮಾಕ್ಸಿಸಿಲಿನ್ ಸಿರಪ್ ಬರೆಯಲು ಪೆನ್ನು ಎತ್ತಿದರು. ಗಿನಿ ಪಿಗ್ಗಿಗೆ ಇಂಥ ಪೆನ್ಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳು ಸತ್ತು ಪ್ರಾಣಿಯೇ ಹೋಗುತ್ತದೆಂದು ಎಲ್ಲೋ ಓದಿದ್ದು ಪುಣ್ಯಕ್ಕೆ ನೆನಪಾಯಿತು. ಮಳೆಯಲ್ಲಿ ಎರಡು ರೈಲು ಬದಲಿಸಿ ಮೂರನೆಯವರನ್ನು ಹುಡುಕಿದೆವು, ಬುಟ್ಟಿ ಮಗಳ ಮಡಿಲಲ್ಲಿ. ಲೇಡೀಸ್ ಡಬ್ಬಿಯ ಅರ್ಧ ಜನ ಬಗ್ಗಿ ನೋಡಿದರು. ಬೇರೆ ಔಷಧಿ ಕೊಟ್ಟರು, ಹತ್ತು ದಿನಕ್ಕೆ ಸರಿಹೋಯಿತು. ಚೀಲ ಸೊಸೈಟಿಯ ಗೊಬ್ಬರದ ಗುಂಡಿಗೆ ಹೋಯಿತು. ಉಳಿಸಿದ್ದು ಎಷ್ಟು, ಕಳೆದದ್ದು ಎಷ್ಟು ಎಂದು ಮನೆಯವರು ಕೇಳಲಿಲ್ಲ, ಒಳ್ಳೆಯವರು.

ಈಗ ಮಳೆಗಾಲದಲ್ಲಿ ಅರ್ಧ ಕಿಲೋ ಪ್ಯಾಕೆಟ್ಟೇ ತರುತ್ತೇನೆ, ತೆರೆದದ್ದನ್ನು ಹಳೆಯ ದಿಂಬಿನ ಕವರಿಗೆ ತುಂಬಿ ಫ್ಯಾನಿನ ಗಾಳಿ ತಾಗುವಲ್ಲಿ ನೇತುಹಾಕುತ್ತೇನೆ. ಜೊತೆಗೆ ಹಸಿಹುಲ್ಲು. ಅದನ್ನು ಮಾರುವವರು ಯಾರು? ದೇವಸ್ಥಾನದ ಹೊರಗೆ ಹಸು ಕಟ್ಟಿಕೊಂಡು ಕೂರುವ ಮೌಶಿ. 20 ರೂಪಾಯಿ ಕೊಟ್ಟು ಹುಲ್ಲಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡಾಗ ಅವರು ನನ್ನನ್ನು ನೋಡಿದ ರೀತಿ ಮರೆಯಲಾರೆ. "ಗಾಯೀಲಾ ಘಾಲ್, ಪುಣ್ಯ ಮಿಳೇಲ್" (ಹಸುವಿಗೆ ಹಾಕು, ಪುಣ್ಯ ಸಿಗುತ್ತೆ) ಎಂದು ಕಟ್ಟನ್ನು ವಾಪಸ್ಸು ಎಳೆದುಕೊಂಡರು. ಮಗಳು ಮೊಬೈಲಿನಲ್ಲಿ ಬಟಾಟಾನ ಫೋಟೋ ತೋರಿಸಿದ ಮೇಲೆ ನಕ್ಕರು. ಈಗ ಒಪ್ಪಂದವಾಗಿದೆ: ಎರಡು ಕಟ್ಟು ತಗೊಂಡರೆ ಒಂದು ಹಸುವಿಗೆ, ಒಂದು ಪಾರ್ಸಲ್. ಮನೆಗೆ ತಂದು ತೊಳೆದು, ಹಳೆ ಸೀರೆಯ ಮೇಲೆ ಹರವಿ ನೀರಾರಿಸಿದ ಮೇಲೆಯೇ ಕೊಡಬೇಕು. ಒದ್ದೆ ಹುಲ್ಲು ಗುಡ್ಡೆ ಬಿದ್ದು ಬಿಸಿಯಾದರೆ ಅದನ್ನು ತಿಂದು ಹೊಟ್ಟೆ ಉಬ್ಬರಿಸುತ್ತದೆ.

ಎಲ್ಲ ಸೇರಿ ತಿಂಗಳಿಗೆ 1,700 ರೂಪಾಯಿ ಆಗುತ್ತಿದೆ. ಹ್ಯಾಮ್‌ಸ್ಟರ್ 300ರಲ್ಲಿ ಮುಗಿಯುತ್ತಿತ್ತು. ಮನೆಯಲ್ಲಿ ಇಡೀ ದಿನ ಒಬ್ಬರಿದ್ದು, ಅವರು ದಿನಾ ತರಕಾರಿ ಹೆಚ್ಚುವವರಾದರೆ ಗಿನಿ ಪಿಗ್ ತನ್ನಿ. ರಾತ್ರಿ ಪಾಳಿಯ ಕೆಲಸದವರಾದರೆ, ಮಗುವಿಗೆ ಹನ್ನೆರಡು ದಾಟಿದ್ದರೆ ಹ್ಯಾಮ್‌ಸ್ಟರ್ ಆದೀತು. ನಮ್ಮದರ ಪಂಜರ ಲಾಫ್ಟಿನಲ್ಲಿ ಹಾಗೇ ಇದೆ, ಮೊದಲು ಕೇಳಿದವರಿಗೆ ಕೊಡುತ್ತೇನೆ. ಚಕ್ರಕ್ಕೆ ಎಣ್ಣೆ ನೀವೇ ಹಾಕಿಕೊಳ್ಳಿ.