ಲಾಡ್ಜ್ ಬೀಡಿನ ಕಾವಲಿ: ಅಮೆರಿಕದಲ್ಲೇ ಎರಕ ಹೊಯ್ದದ್ದು, ದೋಸೆಗೆ ಹೇಗಿದೆ?

ದೋಸೆಗೆ ಲಾಡ್ಜ್ ಎಂಬ ಕಂಪನಿಯ ಈ ಬೀಡಿನ ಕಾವಲಿಗಿಂತ ಒಳ್ಳೆಯದು ನನಗೆ ಅಮೆರಿಕದಲ್ಲಿ ಸಿಕ್ಕಿಲ್ಲ. ಚಪಾತಿಗೂ ಆಗುತ್ತದೆ. ಅಕ್ಕಿರೊಟ್ಟಿಗೆ ಮಾತ್ರ ಸ್ವಲ್ಪ ತಕರಾರಿದೆ.

ನನ್ನದು ಹತ್ತೂವರೆ ಇಂಚಿನ ದುಂಡನೆಯ ಗ್ರಿಡಲ್. ಅಂಚು ತೀರಾ ಗಿಡ್ಡ, ಹಾಗಾಗಿ ಮಗುಚುವ ಕೈ ಸಲೀಸಾಗಿ ದೋಸೆಯ ಅಡಿಗೆ ಹೋಗುತ್ತದೆ. ತೂಕ ಎರಡು ಕಿಲೋಗಿಂತ ಜಾಸ್ತಿ. ಊರಿಂದ ಬಂದಾಗ ಅಮ್ಮ ಇದನ್ನು ಮುಟ್ಟುವುದೇ ಇಲ್ಲ, ಎತ್ತಿಡೋ ಕೆಲಸ ನಿಂದೇ ಅಂತಾರೆ. ನಾನು ಕೊಂಡಾಗ ಬೆಲೆ ಮೂವತ್ತು ಡಾಲರಿನೊಳಗಿತ್ತು. ಒಹಾಯೋದ ಕೊಲಂಬಸ್‌ನಲ್ಲಿರುವ ನಮ್ಮ ಮನೆಯಲ್ಲಿ ಆರೇಳು ವರ್ಷದಿಂದ ಒಲೆ ಮೇಲಿದೆ. ಮುಂಚೆ ಇದ್ದ ನಾನ್‌ಸ್ಟಿಕ್ ತವಾಗಳು ಲೇಪ ಎದ್ದು ಒಂದಾದ ಮೇಲೊಂದು ಕಸಕ್ಕೆ ಹೋದವು.

ಎಣ್ಣೆ ಬಳಿದು ಕಾಯಿಸಿಯೇ ಕಳಿಸುತ್ತಾರೆ. ಆದರೆ ಅಷ್ಟು ಪಳಗಿದ್ದು ದೋಸೆಗೆ ಸಾಲದು. ಮರಳಿನ ಅಚ್ಚಿನಲ್ಲಿ ಹೊಯ್ದು ಉಜ್ಜದೇ ಬಿಟ್ಟ ಬೀಡಿನ ಮೈ ಸ್ವಲ್ಪ ತರಿತರಿಯಾಗಿಯೇ ಇರುತ್ತದೆ. ಮೊದಲ ಒಂದು ತಿಂಗಳು ಬರೀ ಚಪಾತಿ, ಪರೋಟ ಮಾಡಿ. ಆಮೇಲೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಹಿಟ್ಟು ಹುಯ್ಯಿರಿ. ಸೆಟ್ ದೋಸೆ ಬೇಗ ಎದ್ದು ಬಂತು, ತೆಳು ದೋಸೆ ಆಮೇಲೆ, ನೀರುದೋಸೆ ಎಲ್ಲಕ್ಕಿಂತ ಕೊನೆಗೆ. ಎಲೆಕ್ಟ್ರಿಕ್ ಒಲೆಯಾದರೆ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕಾಯಲು ಬಿಡಿ. ಅವಸರ ಮಾಡಿದರೆ ನಡುವೆ ಸೀದು ಅಂಚು ಹಸಿ ಉಳಿಯುತ್ತದೆ. ಹುಣಸೆಹುಳಿ, ಟೊಮೇಟೊ ಹತ್ತಿರ ತರಬೇಡಿ.

ಅಕ್ಕಿರೊಟ್ಟಿಯನ್ನು ತಣ್ಣಗಿನ ಕಾವಲಿ ಮೇಲೆ ತಟ್ಟಬೇಕಲ್ವಾ? ಇದು ಒಮ್ಮೆ ಕಾದರೆ ಬೇಗ ಆರುವುದೇ ಇಲ್ಲ. ಎರಡನೇ ರೊಟ್ಟಿಯಿಂದ ಒದ್ದೆ ಬಟ್ಟೆಯ ಮೇಲೆ ತಟ್ಟಿ ಮಗುಚಿ ಹಾಕುತ್ತೇನೆ.

ಇದನ್ನು ಎರಕ ಹೊಯ್ಯುವುದು ಟೆನೆಸಿಯ ಸೌತ್ ಪಿಟ್ಸ್‌ಬರ್ಗ್‌ನಲ್ಲಿ. ಚಟನೂಗ ಹತ್ತಿರದ ಸಣ್ಣ ಊರು. ಜೋಸೆಫ್ ಲಾಡ್ಜ್ 1896ರಲ್ಲಿ ಫೌಂಡ್ರಿ ಶುರು ಮಾಡಿದರು, 1910ರಲ್ಲಿ ಅದು ಸುಟ್ಟುಹೋಯಿತು, ಮತ್ತೆ ಕಟ್ಟಿದರು. ಇವರ ಕಾಲದ ಬೇರೆ ಬೀಡಿನ ಪಾತ್ರೆ ಕಂಪನಿಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ನಮ್ಮ ಒಹಾಯೋದ ಸಿಡ್ನಿಯಲ್ಲಿ ವ್ಯಾಗ್ನರ್, ಪೆನ್ಸಿಲ್ವೇನಿಯಾದ ಈರಿಯಲ್ಲಿ ಗ್ರಿಸ್ವೋಲ್ಡ್ ಅಂತ ಇದ್ದವು. ಅವರ ಹಳೆಯ ಬಾಣಲಿಗಳ ಮೈ ಕನ್ನಡಿಯಂತೆ ನುಣುಪು. ಈಗ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಬೇಕು. ಲಾಡ್ಜ್ 1950ರಲ್ಲೇ ಅಚ್ಚು ಮಾಡುವುದನ್ನು ಯಂತ್ರಕ್ಕೆ ವಹಿಸಿತು, 1992ರಲ್ಲಿ ಕಲ್ಲಿದ್ದಲ ಕುಲುಮೆ ಬಿಟ್ಟು ವಿದ್ಯುತ್ ಕುಲುಮೆ ಹಾಕಿತು. ಅಮೆರಿಕದ ಕೂಲಿ ಕೊಟ್ಟೂ ಈ ಬೆಲೆಗೆ ಮಾರಲು ಆಗುತ್ತಿರುವುದು ಅದರಿಂದಲೇ ಅಂತ ನನ್ನ ಲೆಕ್ಕ. ಕಾರ್ಖಾನೆ ಊರಲ್ಲೇ ಉಳಿಯಿತು, ನಿಜ. ಒಂದೊಂದು ಕಾವಲಿಗೆ ಬೇಕಾಗುವ ಕೈಗಳು ಕಡಿಮೆಯಾದವು.

ಹಾಗೆ ಊರಲ್ಲೇ ಉಳಿಯದ ಕಾರ್ಖಾನೆಗಳ ಕತೆಯೂ ನಮ್ಮ ಒಹಾಯೋದಲ್ಲೇ ಇದೆ. ಸೆಲೈನಾದ ಹಫಿ ಸೈಕಲ್ ಕಾರ್ಖಾನೆ 1998ರಲ್ಲಿ ಮುಚ್ಚಿತು. ಬ್ರಯನ್ ಊರಲ್ಲಿ 1960ರಿಂದ ತಯಾರಾಗುತ್ತಿದ್ದ ಎಚ್‌-ಎ-ಸ್ಕೆಚ್ ಎಂಬ ಮಕ್ಕಳ ಆಟಿಕೆ 2000ದ ಹೊತ್ತಿಗೆ ಚೀನಾಕ್ಕೆ ಹೋಯಿತು.

ನಾನು ಮಾತ್ರ ಇಲ್ಲಿ ನಿಂತು 'ಅಮೆರಿಕದ್ದೇ ಕೊಳ್ಳಿ' ಅಂದರೆ ಜನ ನಗುತ್ತಾರೆ. ನಾನು ಈ ಊರಿಗೆ ಬಂದದ್ದೇ ಆಫ್‌ಶೋರಿಂಗ್, ಅಂದರೆ ಇಲ್ಲಿನ ಕೆಲಸವನ್ನು ಬೇರೆ ದೇಶಕ್ಕೆ ಸಾಗಿಸುವುದರ, ದೆಸೆಯಿಂದ. ಇಲ್ಲಿನ ಇನ್ಶೂರೆನ್ಸ್ ಕಂಪನಿಯೊಂದರ ಸಾಫ್ಟ್‌ವೇರ್ ಕೆಲಸ ಬೆಂಗಳೂರಿಗೆ ಹೋಗುವುದಿತ್ತು, ಕೆಟಿ (ನಾಲೆಜ್ ಟ್ರಾನ್ಸ್‌ಫರ್, ಹಳಬರಿಂದ ಕೆಲಸ ಕಲಿತುಕೊಳ್ಳುವುದು) ತಗೊಂಡು ಬಾ ಅಂತ ನನ್ನನ್ನು ಕಳಿಸಿದರು. ಕೆಟಿ ಕೊಟ್ಟವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಕೋಡ್ ನೋಡಿಕೊಂಡಿದ್ದ ಹೆಂಗಸು. ರಾತ್ರಿ ತಾನಾಗಿ ಓಡುವ ಪ್ರೋಗ್ರಾಮ್‌ಗಳಲ್ಲಿ, ಅಂದರೆ ಬ್ಯಾಚ್ ಜಾಬ್‌ಗಳಲ್ಲಿ, ಯಾವ ರಾತ್ರಿ ಯಾವುದು ಯಾಕೆ ನಡುವೆ ನಿಂತುಹೋಗುತ್ತದೆ, ನಿಂತರೆ ಮೊದಲು ಯಾವ ಫೈಲ್ ನೋಡಬೇಕು, ಎಲ್ಲ ಹಳದಿ ಹಾಳೆಗಳಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಆ ಹಾಳೆಗಳನ್ನೂ ಕೊಟ್ಟರು. ಕೆಟಿ ಪೂರ್ತಿ ಮಾಡಿದರೆ ಮಾತ್ರ ಅವರಿಗೆ ಕೆಲಸದಿಂದ ಬಿಡಿಸುವಾಗ ಕೊಡುವ ಪರಿಹಾರದ ಹಣ. ಮುಗಿಯಿತು, ಅವರು ಹೋದರು. ಬೆಂಗಳೂರಲ್ಲಿ ಎಂಟು ಹುಡುಗ ಹುಡುಗಿಯರಿಗೆ ಮೊದಲ ಕೆಲಸ ಸಿಕ್ಕಿತು. ಎರಡೂ ನಿಜ, ಒಂದರಿಂದ ಇನ್ನೊಂದನ್ನು ಕಳೆದು ಉತ್ತರ ತೆಗೆಯಲು ನನಗಂತೂ ಬರುವುದಿಲ್ಲ.

ಆದರೆ ಒಂದು ವ್ಯತ್ಯಾಸ ಗಮನಿಸಿದ್ದೇನೆ. ಕಾವಲಿಯ ಬೆನ್ನಿಗೆ ಯುಎಸ್‌ಎ ಅಂತ ಎರಕದಲ್ಲೇ ಮೂಡಿದೆ, ಬೇಕಿದ್ದವರು ನೋಡಿ ಕೊಳ್ಳಬಹುದು. ಇನ್ಶೂರೆನ್ಸ್ ಪಾಲಿಸಿಯ ಮೇಲೆ 'ಕೋಡ್ ಬರೆದದ್ದು ಇಂಥ ಊರಲ್ಲಿ' ಅಂತ ಯಾರೂ ಅಚ್ಚು ಹಾಕುವುದಿಲ್ಲ. ಆ ಹೆಂಗಸಿನ ಕೆಲಸ ಉಳಿಸಬೇಕು ಅಂತ ಯಾವ ಗಿರಾಕಿಗಾದರೂ ಅನಿಸಿದ್ದರೂ, ಏನನ್ನು ನೋಡಿ ಕೊಳ್ಳಬೇಕಿತ್ತು?

ಸಾಮಾನಿನಲ್ಲೂ ಚೀಟಿ ಓದಿಯೇ ಕೊಳ್ಳಿ. ಇದೇ ಲಾಡ್ಜ್ ಹೆಸರಿನ ಬಣ್ಣಬಣ್ಣದ ಎನಾಮಲ್ ಪಾತ್ರೆಗಳು ಬಹುಪಾಲು ಚೀನಾದವು, ಕೆಲವನ್ನು ಮಾತ್ರ ಇತ್ತೀಚೆಗೆ ಅಮೆರಿಕದಲ್ಲಿ ಮಾಡುತ್ತಿದ್ದಾರೆ. ಬರೀ 'ಮೇಡ್ ಇನ್ ಯುಎಸ್‌ಎ' ಅಂತ ಹಾಕಬೇಕಾದರೆ ಹೆಚ್ಚೂಕಡಿಮೆ ಪೂರ್ತಿ ಇಲ್ಲೇ ಆಗಿರಬೇಕು ಅನ್ನುವುದು ಫೆಡರಲ್ ಟ್ರೇಡ್ ಕಮಿಷನ್ ಎಂಬ ಇಲ್ಲಿನ ಸರ್ಕಾರಿ ಸಂಸ್ಥೆಯ ನಿಯಮ. 'ಡಿಸೈನ್ಡ್ ಇನ್ ಯುಎಸ್‌ಎ' ಅಂದರೆ ಚಿತ್ರ ಬರೆದದ್ದು ಇಲ್ಲಿ, ಅಷ್ಟೇ.

ಗ್ಲಾಸ್ ಟಾಪ್ ಒಲೆಯಿದ್ದರೆ ಕಾವಲಿಯನ್ನು ಎಳೆದಾಡದೆ ಎತ್ತಿಡಿ, ಗೀರು ಬೀಳುತ್ತದೆ. ಊರಿಗೆ ಹೋಗುವಾಗ ಉಡುಗೊರೆ ಅಂತ ಸುಮ್ನೆ ಸೂಟ್‌ಕೇಸಿಗೆ ತುರುಕಬೇಡಿ. ಬೀಡಿನ ಕಾವಲಿ ಅಲ್ಲಿನ ಪಾತ್ರೆ ಅಂಗಡಿಯಲ್ಲೇ ಸಿಗುತ್ತದೆ, ಅದೂ ಅಲ್ಲೇ ಎರಕ ಹೊಯ್ದದ್ದು.